ಮನೆಯ ಮಠ: ರೂಬಿ ಭಾಷೆಯ ಓನಾಮ



ಈ ತಿಂಗಳು ನಮ್ಮ ಪುಟಕ್ಕೆ ಬಂದ ಕಾಗದಗಳಲ್ಲಿ ಒಂದನ್ನು ಮೊದಲು ಎತ್ತಿಕೊಳ್ಳಬೇಕಾಗಿದೆ. ಏಕೆಂದರೆ ಅಂಥ ಕಾಗದವನ್ನು ಬರೆಯಬಹುದಾದ ಸಂಸಾರಗಳು ನಮ್ಮ ನಾಡಿನಲ್ಲಿ ಈಗ ಒಂದೆರಡಲ್ಲ. ತಾಲ್ಲೂಕು ಕೇಂದ್ರವೊಂದರಲ್ಲಿ ವಾಸಿಸುವ ಒಬ್ಬ ತಾಯಿ ಬರೆದಿರುವರು: ಮಗಳು ಬಿ.ಕಾಂ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಒಂದು ವರ್ಷವಾಯಿತು. ವೆಬ್ ತಾಣಗಳನ್ನು ಕಟ್ಟುವ ವಿದ್ಯೆಯನ್ನು, ಅದರಲ್ಲಿಯೂ ರೂಬಿ ಎಂಬ ಭಾಷೆಯ ಮೂಲಕ, ಕಲಿಯಬೇಕೆಂದು ಅವಳಿಗೆ ಬಹಳ ಆಸೆ. ಬೆಂಗಳೂರಿನ ಒಂದು ಶಿಕ್ಷಣ ಕೇಂದ್ರದವರು ಆರು ತಿಂಗಳ ಪಾಠಕ್ಕೆ ಕೇಳುವ ಶುಲ್ಕವನ್ನು ಕಟ್ಟಬೇಕಾದರೆ ತಾಯಿಯು ತನ್ನ ಬಳೆಗಳನ್ನು ಒತ್ತೆಯಿಡಬೇಕು. ಮನೆಯಲ್ಲಿ ಮಗನು ಉಪಯೋಗಿಸಿ ಬಿಟ್ಟ ಹಳೆಯ ಲ್ಯಾಪ್‌ಟಾಪೊಂದು ಉಂಟು. “ಬಳೆಗಳನ್ನು ಇಡಲೆ, ಬೇಡವೆ? ಒಂದು ಮಾತು ಹೇಳಿರಿ” ಎಂದು ಅವರು ಕೇಳಿರುವರು.

ಈ ತಾಯಿಗೆ ನನ್ನ ಉತ್ತರವಿಷ್ಟೆ: ಈಗ ಇಡಬೇಡಿರಿ. ಮಗಳು ಮೊದಲು ಮೂರು ತಿಂಗಳು ಮನೆಯಲ್ಲಿಯೇ ಕುಳಿತು ಮುಂದೆ ಹೇಳುವ ಕ್ರಮದಲ್ಲಿ ಕಲಿಯಲಿ. ಈ ವಿದ್ಯೆಗೆ ಬೇಕಾದ ಉಪಕರಣಗಳಿಗೆ ಒಂದು ಕಾಸಿನ ಬೆಲೆಯೂ ಇಲ್ಲ. ಅವುಗಳನ್ನು ವಿವರಿಸುವ ಗ್ರಂಥಗಳೂ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವುವು. ದುರ್ಲಭವಾದುದು ಕ್ರಮ. ಅದನ್ನು ಹಿಡಿಯದವರು ಹಣ ತೆತ್ತರೂ ಕಲಿಯಲಾರರು. ಹಿಡಿದವರಿಗೆ ಹಣ ತೆರಬೇಕಾದ ಅಗತ್ಯವೇ ಅನೇಕ ವೇಳೆ ಬೀಳುವುದಿಲ್ಲ.

ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು ಕಂಪ್ಯೂಟರಿನ ಮಾತನ್ನಾಡುವುದೇಕೆಂದು ಕೆಲವರು ಕೇಳಿಯಾರು. ನಿವೃತ್ತಿಯಾದ ಬಳಿಕ ಹಳೆಯ ಶಿಷ್ಯನೊಬ್ಬನ ನೆರವಿನಿಂದ ನಾನು ಈ ಭಾಷೆಯನ್ನು ಕಲಿತೆನು. ಈಗ ಭಾನುವಾರಗಳಲ್ಲಿ ನೆರೆಹೊರೆಯ ನಾಲ್ಕಾರು ಮಕ್ಕಳಿಗೆ ಹೇಳಿಕೊಡುತ್ತಿರುವೆನು. ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿ, ಸಂಧಿ ಸಮಾಸಗಳನ್ನು ಬಿಡಿಸಿ, ಅನಂತರ ಕಾವ್ಯಕ್ಕೆ ಕೈಹಾಕುವ ನಮ್ಮ ಹಳೆಯ ಪದ್ಧತಿಯು ಈ ಹೊಸ ವಿದ್ಯೆಗೂ ಚೆನ್ನಾಗಿ ಒಪ್ಪುವುದೆಂಬುದನ್ನು ಆ ಮಕ್ಕಳಲ್ಲಿ ಕಂಡಿರುವೆನು. ಕಾವ್ಯದಿಂದಲೇ ಆರಂಭಿಸಿದವರು ಶ್ಲೋಕವನ್ನು ಒಪ್ಪಿಸಬಲ್ಲರು, ಅರ್ಥ ಹೇಳಲಾರರು.

ಮೊದಲನೆಯ ಮೆಟ್ಟಿಲು ಯಂತ್ರದ್ದು. ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ಅದರ ಕಂಪೆನಿಯವರು ಕೊಡುತ್ತಿದ್ದ ಸಾಮಾನ್ಯ ಪೋಷಣೆಯು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಹೊಸ ವಿಂಡೋಸನ್ನು ತಾಳಲಾರದ ಎಷ್ಟೋ ಲ್ಯಾಪ್‌ಟಾಪುಗಳು ಆ ಕಾರಣದಿಂದ ಮೂಲೆ ಸೇರಿರುವುವು. ಯಂತ್ರವು ಗಟ್ಟಿಯಾಗಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಅದರಲ್ಲಿ ಲಿನಕ್ಸನ್ನು ನೆಲೆಗೊಳಿಸಬಹುದು. ಈ ಲಿನಕ್ಸ್ ಹುಟ್ಟಿದ್ದು ೧೯೯೧ರಲ್ಲಿ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ತರುಣನು ಅದರ ತಿರುಳನ್ನು ಬರೆದು ಲೋಕದ ಮುಂದಿಟ್ಟನು. ಅದಕ್ಕೆ ಎಂಟು ವರ್ಷ ಮೊದಲೇ, ೧೯೮೩ರಲ್ಲಿ, ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ನರು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಸಾಧನಗಳನ್ನು ಸಿದ್ಧಪಡಿಸುವ ‘ಗ್ನೂ’ ಎಂಬ ಯೋಜನೆಯನ್ನು ಸಾರಿದ್ದರು. ಇವೆರಡೂ ಕೂಡಿ ಒಂದು ಸಂಪೂರ್ಣ ವ್ಯವಸ್ಥೆಯಾಯಿತು. ಅದನ್ನು ಹೊಂದಿಸಿ ಹಂಚುವವರು ಅನೇಕರು. ಡೆಬಿಯನ್ನಿನ ಆಧಾರದ ಮೇಲೆ ೨೦೦೪ರಲ್ಲಿ ಹೊರಬಂದ ಉಬುಂಟು ಹೊಸಬರಿಗೆ ಸುಲಭವಾದುದು. ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬರುವ ಅದರ ದೀರ್ಘಾವಧಿಯ ಆವೃತ್ತಿಗಳನ್ನೇ ಹಿಡಿಯುವುದು ಒಳ್ಳೆಯದು. ಯಂತ್ರದ ಸ್ಮರಣಶಕ್ತಿ ನಾಲ್ಕು ಜಿಬಿಗಿಂತ ಕಡಮೆಯಿದ್ದರೆ ಅದರ ಹಗುರವಾದ ತಂಗಿ ಲುಬುಂಟುವನ್ನು ಆರಿಸಬಹುದು.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಹಳೆಯ ಯಂತ್ರದಲ್ಲಿ ಮದುವೆ ನಾಮಕರಣಗಳ ಭಾವಚಿತ್ರಗಳು ಇದ್ದೇ ಇರುವುವು. ಅವುಗಳನ್ನೆಲ್ಲ ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳತಕ್ಕದ್ದು. ಲಿನಕ್ಸನ್ನು ಇಡೀ ಡಿಸ್ಕಿಗೆ ಬರೆದ ಮೇಲೆ ಹಿಂದಿನದು ಉಳಿಯುವುದಿಲ್ಲ. ಎರಡನೆಯದಾಗಿ, ಪೆನ್‌ಡ್ರೈವಿನಿಂದಲೇ ಉಬುಂಟುವನ್ನು ನಡೆಯಿಸಿ ನೋಡುವ ಅನುಕೂಲವಿದೆ. ವೈಫೈ ಹಿಡಿಯುವುದೆ, ಧ್ವನಿ ಕೇಳುವುದೆ, ಕೀಲಿಮಣೆ ಸರಿಯಾಗಿದೆಯೆ ಎಂಬುದನ್ನು ಹಾಗೆ ಪರೀಕ್ಷಿಸಿ, ತೃಪ್ತಿಯಾದ ಬಳಿಕವೇ ಡಿಸ್ಕಿಗೆ ಇಳಿಸಬೇಕು.

ಲಿನಕ್ಸಿನಲ್ಲಿ ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ಕಂಡು ಕೆಲವರು ಹಿಂಜರಿಯುವರು. ಅದರಲ್ಲಿ ಭಯಪಡತಕ್ಕದ್ದೇನೂ ಇಲ್ಲ. ಅದು ಲೋಟ್ ಲಕಾರದ ಲೋಕ. ಪ್ರತಿಯೊಂದು ವಾಕ್ಯವೂ ಒಂದು ಆಜ್ಞೆ. ಮೊದಲು ಕ್ರಿಯಾಪದ, ಅನಂತರ ಅದರ ವಿಶೇಷಣ, ಕೊನೆಗೆ ಕರ್ಮ. ತೋರಿಸು, ನಕಲು ಮಾಡು, ಈ ಕೋಶದೊಳಗೆ ಹೋಗು ಎಂಬಂಥ ಹದಿನೈದು ಇಪ್ಪತ್ತು ಆಜ್ಞೆಗಳು ಮೊದಲ ವಾರಕ್ಕೆ ಸಾಕು. ಇವುಗಳಲ್ಲಿ ‘ಸುಡೊ’ ಎಂಬುದೊಂದುಂಟು. ಅದು ಮನೆಯ ಉಗ್ರಾಣದ ಬೀಗದ ಕೈಯಿದ್ದಂತೆ. ಅದನ್ನು ಮುಂದಿಟ್ಟು ಕೊಟ್ಟ ಆಜ್ಞೆಯನ್ನು ಯಂತ್ರವು ಎದುರಾಡದೆ ನಡೆಸುವುದು. ಆದಕಾರಣ ಅರ್ಥ ತಿಳಿಯದ ಆಜ್ಞೆಯನ್ನು ಎಲ್ಲಿಂದಲೋ ನಕಲು ಮಾಡಿ ತಂದು, ಅದರ ಹಿಂದೆ ಸುಡೊ ಇರುವಾಗ ಎಂದಿಗೂ ಒತ್ತಬಾರದು.

ಎರಡನೆಯ ಮೆಟ್ಟಿಲು ಭಾಷೆ. ರೂಬಿ ಎಂದರೆ ಮಾಣಿಕ್ಯ. ಜಪಾನಿನ ಯುಕಿಹಿರೊ ಮಾತ್ಸುಮೊಟೊ ಎಂಬುವರು ೧೯೯೩ರಲ್ಲಿ ಇದನ್ನು ರೂಪಿಸಲಾರಂಭಿಸಿ ೧೯೯೫ರ ಡಿಸೆಂಬರಿನಲ್ಲಿ ಲೋಕಕ್ಕೆ ಕೊಟ್ಟರು. ಆಗ ಪ್ರಚಾರದಲ್ಲಿದ್ದ ಪರ್ಲ್ ಎಂಬ ಭಾಷೆಯ ಹೆಸರು ಮುತ್ತಿನ ನೆನಪನ್ನು ತರುವಂಥದ್ದು. ಆದುದರಿಂದ ಇದಕ್ಕೂ ರತ್ನದ ಹೆಸರೇ ಬಂತು. ಈ ಭಾಷೆಗೆ ಸೇರಿಸಿಕೊಳ್ಳುವ ಸಿದ್ಧ ಭಾಗಗಳನ್ನು ‘ಜೆಮ್’, ಅಂದರೆ ರತ್ನ, ಎಂದೇ ಕರೆಯುವರು. ಯಂತ್ರದ ಅನುಕೂಲಕ್ಕಿಂತ ಬರೆಯುವ ಮನುಷ್ಯನ ಸಂತೋಷವೇ ಮುಖ್ಯವೆಂಬುದು ಮಾತ್ಸುಮೊಟೊರವರ ತತ್ತ್ವ. ಈಗ ಪ್ರತಿವರ್ಷವೂ ಡಿಸೆಂಬರ್ ೨೫ರಂದು ಇದರ ಹೊಸ ಆವೃತ್ತಿ ಹೊರಬರುವುದು ರೂಢಿಯಾಗಿದೆ.

ರೂಬಿಯನ್ನು ಯಂತ್ರಕ್ಕೆ ತರುವುದರಲ್ಲಿಯೇ ಅನೇಕರು ಎಡವುವುದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವೆನು. ಉಬುಂಟುವಿನ ಭಂಡಾರದಲ್ಲಿಯೇ ಒಂದು ರೂಬಿ ಇರುವುದು. ಒಂದೇ ಆಜ್ಞೆಯಿಂದ ಅದು ಬಂದುಬಿಡುವುದು. ಆದರೆ ಅದು ಭಂಡಾರದವರು ಗೊತ್ತುಮಾಡಿದ ಆವೃತ್ತಿ. ೨೦೨೨ರ ಏಪ್ರಿಲಿನ ಉಬುಂಟುವಿನಲ್ಲಿರುವುದು ೩.೦, ೨೦೨೪ರ ಏಪ್ರಿಲಿನದರಲ್ಲಿ ೩.೨. ೨೦೨೪ರ ನವೆಂಬರಿನಲ್ಲಿ ಬಂದ ರೇಲ್ಸ್ ೮ಕ್ಕೆ ಕನಿಷ್ಠಪಕ್ಷ ೩.೨ ಬೇಕು. ಅಂದಮೇಲೆ ಮೊದಲನೆಯದರಲ್ಲಿ ಕೆಲಸ ನಡೆಯದು. ಅಷ್ಟೇ ಅಲ್ಲದೆ, ವ್ಯವಸ್ಥೆಯ ಭಂಡಾರದೊಳಗೆ ಕಲಿಯುವವರ ರತ್ನಗಳನ್ನು ಬೆರಸುವುದು ಬಿತ್ತನೆಯ ಕಾಳಿನ ಮಡಕೆಗೆ ಊಟದ ಕಾಳನ್ನು ಸುರಿದಂತೆ. ಮುಂದೆ ಯಾವುದು ಯಾವುದೆಂದು ಬೇರ್ಪಡಿಸುವುದು ಕಷ್ಟ. ಇದಕ್ಕೆ ಪರಿಹಾರವಾಗಿ ಆರ್, ಬಿ, ಇ, ಎನ್, ವಿ ಎಂಬ ಐದು ಅಕ್ಷರಗಳ ‘ಆರ್‌ಬಿಎನ್ವ್’ ಎಂಬ ಸಾಧನವಿದೆ. ಅದು ಕಲಿಯುವವಳ ಸ್ವಂತ ಕೋಶದಲ್ಲಿ, ಸುಡೊವಿನ ಹಂಗಿಲ್ಲದೆ, ಬೇಕಾದ ಆವೃತ್ತಿಯ ರೂಬಿಯನ್ನು ಇಡುವುದು. ಒಂದೊಂದು ಕೆಲಸಕ್ಕೆ ಒಂದೊಂದು ಆವೃತ್ತಿಯನ್ನು ಗೊತ್ತುಮಾಡಲೂ ಅವಕಾಶ ಕೊಡುವುದು.

ಆರ್‌ಬಿಎನ್ವ್ ರೂಬಿಯನ್ನು ಸಿದ್ಧ ಅಡಿಗೆಯಾಗಿ ತರುವುದಿಲ್ಲ; ಮೂಲ ಸಾಮಗ್ರಿಯನ್ನು ತಂದು ನಮ್ಮ ಯಂತ್ರದಲ್ಲಿಯೇ ಬೇಯಿಸುವುದು. ಅದಕ್ಕೆ ಸಿ ಭಾಷೆಯ ಕಂಪೈಲರೂ, ಓಪನ್‌ಎಸ್‌ಎಸ್‌ಎಲ್, ಲಿಬ್‌ಯಾಮಲ್, ಝೆಡ್‌ಲಿಬ್ ಮೊದಲಾದ ಸಹಾಯಕ ಭಾಗಗಳೂ ಮೊದಲೇ ಮನೆಯಲ್ಲಿರಬೇಕು. ರೂಬಿ ೩.೨ರಿಂದ ಈಚೆಗೆ ಲಿಬ್‌ಯಾಮಲನ್ನು ರೂಬಿಯವರು ತಮ್ಮ ಗಂಟಿನಲ್ಲಿ ಕೊಡುವುದನ್ನು ನಿಲ್ಲಿಸಿರುವರು. ಅದಿಲ್ಲದೆ ಕೆಲಸವು ಅರ್ಧದಲ್ಲಿ ಮುರಿದುಬೀಳುವುದು. ಹಳೆಯ ಯಂತ್ರದಲ್ಲಿ ಈ ಬೇಯಿಸುವಿಕೆಗೆ ಬಹಳ ಹೊತ್ತು ಹಿಡಿಯಬಹುದು. ಪರದೆಯ ಮೇಲೆ ಏನೂ ಚಲಿಸದಿದ್ದರೂ ಒಳಗೆ ಕೆಲಸ ನಡೆಯುತ್ತಿರುವುದು. ಯಂತ್ರ ಸತ್ತಿತೆಂದು ತಿಳಿದು ಮುಚ್ಚಬಾರದು.

ಇಷ್ಟಾದ ಮೇಲೆ ರೂಬಿ ಎಂದು ಕರೆದರೆ “ಅಂಥ ಆಜ್ಞೆಯೇ ಇಲ್ಲ” ಎಂದು ಯಂತ್ರವು ಹೇಳಿದರೂ ಹೇಳೀತು. ಇಲ್ಲಿ ಎಷ್ಟೋ ಮಕ್ಕಳು ಎದೆಗುಂದಿ ಎಲ್ಲವನ್ನೂ ಅಳಿಸಿ ಮೊದಲಿನಿಂದ ಆರಂಭಿಸುವರು. ಕಾರಣವು ಬಹು ಸರಳ. ಆಜ್ಞೆಯೊಂದನ್ನು ಕೊಟ್ಟಾಗ ಯಂತ್ರವು ‘ಪಾತ್’ ಎಂಬ ಒಂದು ಪಟ್ಟಿಯಲ್ಲಿರುವ ಕೋಶಗಳನ್ನು ಮಾತ್ರ, ಬರೆದ ಕ್ರಮದಲ್ಲಿಯೇ, ಒಂದೊಂದಾಗಿ ಹುಡುಕುವುದು. ಅಂಚೆಯವನ ಕೈಯಲ್ಲಿರುವ ಮನೆಗಳ ಪಟ್ಟಿಯಲ್ಲಿ ನಮ್ಮ ಮನೆ ಇಲ್ಲದಿದ್ದರೆ ಕಾಗದ ಹೇಗೆ ಬಂದೀತು? ಆರ್‌ಬಿಎನ್ವಿನ ಕೋಶವನ್ನು ಆ ಪಟ್ಟಿಯ ಮೊದಲಿಗೆ ಸೇರಿಸುವ ಒಂದು ಸಾಲನ್ನು ಟರ್ಮಿನಲ್ಲಿನ ಆರಂಭದ ಕಡತದಲ್ಲಿ ಬರೆದು, ಹೊಸ ಟರ್ಮಿನಲ್ಲನ್ನು ತೆರೆದರೆ ಸಾಕು. ಈ ಒಂದು ವಿಷಯವನ್ನು ಅರಿತವಳಿಗೆ ಲಿನಕ್ಸಿನ ಅರ್ಧ ಗೊಂದಲಗಳು ತಾವಾಗಿಯೇ ಬಿಡುವುವು.

ರೂಬಿ ಬಂದಮೇಲೆ ‘ಐಆರ್‌ಬಿ’ ಎಂಬ ಅದರ ಸಂಭಾಷಣೆಯ ಕಿಟಕಿಯಲ್ಲಿ ಒಂದು ತಿಂಗಳು ಆಡಬೇಕು. ಗುರುವಿನ ಮುಂದೆ ಕುಳಿತು ಒಂದೊಂದೇ ವಾಕ್ಯವನ್ನು ಹೇಳಿ ತಿದ್ದಿಸಿಕೊಂಡಂತೆ ಅಲ್ಲಿ ಪ್ರತಿ ಸಾಲಿಗೂ ಕೂಡಲೇ ಉತ್ತರ ಬರುವುದು. ರೂಬಿಯಲ್ಲಿ ಎಲ್ಲವೂ ವಸ್ತು; ಸಂಖ್ಯೆಗೂ ಆಜ್ಞೆ ಕೊಡಬಹುದು. “ಮೂರೇ, ನಿನ್ನಷ್ಟು ಸಲ ಈ ಕೆಲಸ ಮಾಡು” ಎಂದು ಬರೆಯುವ ಸೊಗಸು ಅದರಲ್ಲಿದೆ. ಹೌದು ಅಲ್ಲ ಎಂಬ ಉತ್ತರ ಬಯಸುವ ಪದಗಳ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನೇ ಇಡುವರು, ನಾವು ‘ಖಾಲಿಯೆ?’ ಎಂದು ಪ್ರತ್ಯಯ ಹಚ್ಚಿ ಕೇಳುವುದಿಲ್ಲವೆ, ಹಾಗೆ.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ವಿನೋದವುಂಟು. ‘ಲೀಟರು’, ‘ದರ’ ಎಂದು ಕನ್ನಡ ಲಿಪಿಯಲ್ಲಿಯೇ ಹೆಸರಿಟ್ಟು ಅವೆರಡನ್ನೂ ಗುಣಿಸೆಂದರೆ ರೂಬಿಯು ಅಡ್ಡಿ ಹೇಳದೆ ಗುಣಿಸುವುದು. ಆದರೆ ವರ್ಗದ ಹೆಸರು, ಅಂದರೆ ‘ಕ್ಲಾಸಿ’ನ ಹೆಸರು, ದೊಡ್ಡಕ್ಷರದಿಂದ ಆರಂಭವಾಗಬೇಕೆಂಬ ನಿಯಮವಿದೆ, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲದ ಕಾರಣ ಅಲ್ಲಿ ಕನ್ನಡ ಸಲ್ಲದು. ಈ ಪತ್ರಿಕೆಯಲ್ಲಿ ಅಚ್ಚಾಗಿರುವಂಥ ಕನ್ನಡ ಅಂಕಿಗಳನ್ನೂ ರೂಬಿಯು ಸಂಖ್ಯೆಗಳೆಂದು ತಿಳಿಯದು. ಲೆಕ್ಕಕ್ಕೆ ಇಂಗ್ಲಿಷ್ ಅಂಕಿಗಳನ್ನೇ ಬರೆಯಬೇಕು. ಇನ್ನು ‘ಕನ್ನಡ’ ಎಂಬ ಶಬ್ದದ ಉದ್ದವೆಷ್ಟೆಂದು ಕೇಳಿದರೆ, ನಾವು ಮೂರಕ್ಷರ ಎಂದರೆ ಅದು ಐದು ಎನ್ನುವುದು. ಕ, ನ, ಹಲಂತದ ಚಿಹ್ನೆ, ನ, ಡ ಎಂದು ಅದರ ಎಣಿಕೆ. ಬೈಟುಗಳ ಲೆಕ್ಕದಲ್ಲಿ ಕೇಳಿದರೆ, ಒಂದೊಂದಕ್ಕೂ ಮೂರರಂತೆ, ಹದಿನೈದು. ಸಂಯುಕ್ತಾಕ್ಷರವನ್ನು ಬಿಡಿಸಿ ನೋಡುವ ವ್ಯಾಕರಣದ ಕಣ್ಣು ಯಂತ್ರಕ್ಕೂ ಇರುವುದೆಂದು ಮಕ್ಕಳಿಗೆ ಇದನ್ನು ತೋರಿಸಿದಾಗ ಅವರಿಗಾಗುವ ಆನಂದ ಹೇಳತೀರದು.

ಈ ತಿಂಗಳಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ, ತಪ್ಪಿನ ಸಂದೇಶವನ್ನು ಓದುವುದು. ರೂಬಿಯು ತಪ್ಪನ್ನು ಕಂಡಾಗ ಸುಮ್ಮನೆ ಗದರಿಸುವುದಿಲ್ಲ. ಯಾವ ಕಡತ, ಎಷ್ಟನೆಯ ಸಾಲು, ಎಂಥ ತಪ್ಪು ಎಂಬ ಮೂರನ್ನೂ ಬರೆದು ತೋರಿಸುವುದು. ೨೦೧೫ರ ಡಿಸೆಂಬರಿನಲ್ಲಿ ಬಂದ ೨.೩ನೆಯ ಆವೃತ್ತಿಯಿಂದ ಈಚೆಗೆ “ನೀನು ಹೇಳಹೊರಟದ್ದು ಇದಲ್ಲವೆ?” ಎಂದು ಹತ್ತಿರದ ಹೆಸರನ್ನು ಸೂಚಿಸುವುದೂ ಉಂಟು. ಇದಕ್ಕಿಂತ ಸಮಾಧಾನಿಯಾದ ಉಪಾಧ್ಯಾಯನು ಎಲ್ಲಿ ಸಿಕ್ಕಿಯಾನು? ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಆ ಇಂಗ್ಲಿಷ್ ವಾಕ್ಯಗಳು ಮೊದಮೊದಲು ಅಡ್ಡಗೋಡೆಯಾಗಿ ತೋರಬಹುದು. ಆದರೆ ಅವುಗಳಲ್ಲಿ ಬರುವ ಪದಗಳು ಎಣಿಸಿದರೆ ಐವತ್ತು ಅರವತ್ತನ್ನು ಮೀರವು. ನೋಟುಬುಕ್ಕಿನ ಒಂದು ಪಕ್ಕದಲ್ಲಿ ಸಂದೇಶವನ್ನೂ ಇನ್ನೊಂದು ಪಕ್ಕದಲ್ಲಿ ಅದರ ಕನ್ನಡ ಅರ್ಥವನ್ನೂ, ಕೆಳಗೆ ಅದು ಬಂದ ಕಾರಣವನ್ನೂ ಕೈಯಿಂದ ಬರೆಯುತ್ತ ಹೋದರೆ ಮೂರು ವಾರಗಳಲ್ಲಿ ಆ ಗೋಡೆ ಕುಸಿಯುವುದು.

ಮೂರನೆಯ ಮೆಟ್ಟಿಲನ್ನು ಬಹುಮಂದಿ ಹಾರಿಹೋಗುವರು. ಅದು ವೆಬ್ಬಿನ ಬರಿಯ ಸ್ವರೂಪ. ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿಯು ಸ್ವಿಟ್ಸರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿದ್ದಾಗ ೧೯೮೯ರಲ್ಲಿ ಇದನ್ನು ಸೂಚಿಸಿದರು. ಎಷ್ಟು ಬೆಳೆದಿದ್ದರೂ ಇದರ ತಿರುಳು ಇಂದಿಗೂ ಒಂದು ಬೇಡಿಕೆ, ಒಂದು ಮರುಮಾತು, ಅಷ್ಟೆ. ಮರುಮಾತಿನಲ್ಲಿ ಮೂರು ಅಂಗಗಳಿರುವುವು: ಫಲವನ್ನು ತಿಳಿಸುವ ಸಂಖ್ಯೆ, ಕಾಗದದ ಲಕೋಟೆಯ ಮೇಲಿನ ವಿವರಗಳಂಥ ಶಿರೋಲೇಖಗಳು, ಕೊನೆಗೆ ಒಡಲು. ಸಂಖ್ಯೆ ೨೦೦ ಆದರೆ ಕ್ಷೇಮ. ೪೦೪ ಆದರೆ ಕೇಳಿದ್ದು ಇಲ್ಲಿಲ್ಲ. ೫೦೦ ಆದರೆ ಕೊಡುವವನ ಮನೆಯಲ್ಲಿಯೇ ಏನೋ ಕೆಟ್ಟಿದೆ. ರೂಬಿಯಲ್ಲಿ ‘ರ್‍ಯಾಕ್’ ಎಂಬ ಸಂಪ್ರದಾಯವು ಈ ಮೂರನ್ನೇ ಒಂದು ಸಾಲಾಗಿ ಕೊಡಬೇಕೆಂದು ವಿಧಿಸುವುದು. ಅದರ ಮೇಲೆ ನಿಂತ ‘ಸಿನಾಟ್ರಾ’ ಎಂಬ ಚಿಕ್ಕ ಸಾಧನದಿಂದ ಐದಾರು ಸಾಲುಗಳಲ್ಲಿ ಒಂದು ಪುಟ ಸಿದ್ಧವಾಗುವುದು. ಸಿನಾಟ್ರಾ, ರ್‍ಯಾಕಪ್, ಪ್ಯೂಮಾ ಎಂಬ ಮೂರು ರತ್ನಗಳನ್ನು ತಂದುಕೊಂಡು, ಬರೆದುದನ್ನು ನಡೆಯಿಸಿ, ಬ್ರೌಸರಿನಲ್ಲಿ ತನ್ನ ಯಂತ್ರದ ೪೫೬೭ನೆಯ ಬಾಗಿಲನ್ನು ಕರೆದರೆ ಆ ಪುಟ ಕಾಣುವುದು. ಇದಕ್ಕೆ ಅಂತರ್ಜಾಲದ ಸಂಪರ್ಕವೂ ಬೇಡ. ಕೇಳುವವಳೂ ಕೊಡುವವಳೂ ಒಂದೇ ಯಂತ್ರದಲ್ಲಿ ಇರುವರು. ಎರಡು ವಾರ ಇದರಲ್ಲಿಯೇ ಕೈ ಪಳಗಲಿ.

ಈಗ ನಾಲ್ಕನೆಯ ಮೆಟ್ಟಿಲು, ರೇಲ್ಸ್. ಡೆನ್ಮಾರ್ಕಿನ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ನರು ಬೇಸ್‌ಕ್ಯಾಂಪ್ ಎಂಬ ತಾಣವನ್ನು ಕಟ್ಟುವಾಗ ಅದರಿಂದ ಸರ್ವೋಪಯೋಗಿಯಾದ ಭಾಗವನ್ನು ಬೇರ್ಪಡಿಸಿ ೨೦೦೪ರಲ್ಲಿ ಲೋಕಕ್ಕೆ ಕೊಟ್ಟರು. ಗಿಟ್‌ಹಬ್, ಶಾಪಿಫೈ ಮೊದಲಾದ ದೊಡ್ಡ ತಾಣಗಳು ಇದರ ಮೇಲೆಯೇ ಬೆಳೆದುವು. ಇದರ ಮೂಲತತ್ತ್ವವು ವ್ಯಾಕರಣ ಓದಿದವರಿಗೆ ಹೊಸದಲ್ಲ. ನಮ್ಮಲ್ಲಿ ಉತ್ಸರ್ಗವೆಂದೂ ಅಪವಾದವೆಂದೂ ಉಂಟಲ್ಲವೆ? ಇಕಾರದ ಮುಂದೆ ಸ್ವರ ಬಂದರೆ ಯಕಾರವಾಗುವುದು ಸಾಮಾನ್ಯ ನಿಯಮ. ಇತಿ, ಆದಿ ಕೂಡಿ ಇತ್ಯಾದಿ. ಇಕಾರದ ಮುಂದೆ ಇಕಾರವೇ ಬಂದರೆ ಮಾತ್ರ ದೀರ್ಘ; ಕವಿ, ಇಂದ್ರ ಕೂಡಿ ಕವೀಂದ್ರ. ಸಾಮಾನ್ಯವನ್ನು ಒಮ್ಮೆ ಹೇಳಿ, ಅನಂತರ ವಿಶೇಷವನ್ನು ಮಾತ್ರ ಹೇಳುವುದರಿಂದಲೇ ಪಾಣಿನಿಯು ಒಂದು ಮಹಾಭಾಷೆಯನ್ನು ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಅಡಗಿಸಿದನು. ರೇಲ್ಸ್ ಮಾಡುವುದೂ ಇದನ್ನೇ. ವಸ್ತುವಿನ ವರ್ಗಕ್ಕೆ ಇಂಗ್ಲಿಷಿನ ಏಕವಚನದಲ್ಲಿ ‘ಬುಕ್’ ಎಂದು ಹೆಸರಿಟ್ಟರೆ ಅದರ ದತ್ತಾಂಶದ ಕೋಷ್ಟಕವು ಬಹುವಚನದಲ್ಲಿ ‘ಬುಕ್ಸ್’ ಎಂದಿರುವುದಾಗಿ ಅದು ತಾನಾಗಿ ಭಾವಿಸುವುದು. ‘ಪರ್ಸನ್’ ಎಂದರೆ ‘ಪೀಪಲ್’ ಎಂಬ ವಿಷಮ ರೂಪವೂ ಅದಕ್ಕೆ ಗೊತ್ತು. ನಮ್ಮ ಇಷ್ಟ ಬೇರೆಯಾದರೆ ಆ ಅಪವಾದವನ್ನು ಮಾತ್ರ ಒಂದು ಸಾಲಿನಲ್ಲಿ ಬರೆದರಾಯಿತು.

ಇದರ ಗುಣವೂ ಅಪಾಯವೂ ಇಲ್ಲಿಯೇ ಇವೆ. ಹೇಳದೆಯೇ ಎಲ್ಲವೂ ನಡೆಯುವುದರಿಂದ ಬಲ್ಲವರ ಕೆಲಸ ಬಹಳ ಹಗುರವಾಗುವುದು. ೨೦೦೫ರಲ್ಲಿ ಹ್ಯಾನ್ಸನ್ನರು ಹದಿನೈದು ನಿಮಿಷಗಳಲ್ಲಿ ಒಂದು ತಾಣವನ್ನು ಕಟ್ಟಿ ತೋರಿಸಿ ಜನರನ್ನು ಬೆರಗುಗೊಳಿಸಿದರು. ಆದರೆ ಉತ್ಸರ್ಗವನ್ನೇ ಅರಿಯದವಳಿಗೆ ಅದೇ ಇಂದ್ರಜಾಲವಾಗಿ ಪರಿಣಮಿಸುವುದು. ‘ಸ್ಕಾಫೋಲ್ಡ್’ ಎಂಬ ಒಂದೇ ಆಜ್ಞೆಯಿಂದ ಹತ್ತಾರು ಕಡತಗಳು ಹುಟ್ಟಿ, ತಾಣವು ನಿಂತುಬಿಡುವುದು. ಆದರೆ ಆ ಹೆಸರಿನ ಅರ್ಥವೇ ಸಾರುವೆ. ಸಾರುವೆಯನ್ನು ಕಟ್ಟಡವೆಂದು ನಂಬಿದವಳು ಒಂದು ಹೆಸರನ್ನು ಬದಲಾಯಿಸಿದೊಡನೆ ಎಲ್ಲವೂ ನಿಂತಾಗ ಕಣ್ಣೀರಿಡುವಳು. ಶಿಕ್ಷಣ ಕೇಂದ್ರಗಳ ಅವಸರದ ಪಾಠದಲ್ಲಿ ಮೊದಲ ದಿನವೇ ಇದನ್ನು ತೋರಿಸುವುದುಂಟು. ಮಕ್ಕಳು ಮೆಚ್ಚುವರು, ಶುಲ್ಕವನ್ನೂ ಕಟ್ಟುವರು.

ನಮ್ಮ ಮನೆಗಳ ಉಪಮೆಯಿಂದ ರೇಲ್ಸಿನ ಒಳಗನ್ನು ತಿಳಿಯಬಹುದು. ದವಸ ಧಾನ್ಯಗಳನ್ನೂ ಅವುಗಳ ಅಳತೆಯ ಕಟ್ಟುಪಾಡುಗಳನ್ನೂ ಕಾಯುವ ಉಗ್ರಾಣವೇ ‘ಮಾಡೆಲ್’. ಅತಿಥಿಯು ಕೇಳಿದುದನ್ನು ಆಲಿಸಿ, ಉಗ್ರಾಣದಿಂದ ತರಿಸಿ, ಯಾರಿಗೆ ಏನೆಂದು ನಿಶ್ಚಯಿಸುವ ಗೃಹಿಣಿಯೇ ‘ಕಂಟ್ರೋಲರ್’. ಎಲೆಯ ಮೇಲೆ ಬಡಿಸುವ ಅಂದವೇ ‘ವ್ಯೂ’. ಬಡಿಸುವವರು ಉಗ್ರಾಣಕ್ಕೆ ಕೈಹಾಕಬಾರದು. ಉಗ್ರಾಣವು ಎಲೆಯ ಚಿಂತೆ ಮಾಡಬಾರದು. ಈ ಮೂರರ ವಿಭಾಗವು ರೇಲ್ಸಿಗಿಂತ ಹಳೆಯದು. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಎಂಬುವರು ೧೯೭೯ರಷ್ಟು ಹಿಂದೆಯೇ ಇದನ್ನು ರೂಪಿಸಿದ್ದರು.

ಮೊದಲ ಕೃತಿಯಾಗಿ ಮನೆಯ ಹಾಲಿನ ಲೆಕ್ಕವನ್ನು ಕೈಗೊಳ್ಳಲಿ. ದಿನ, ಲೀಟರು, ದರ, ತಿಂಗಳ ಮೊತ್ತ. ಇಷ್ಟರಲ್ಲಿಯೇ ಎಲ್ಲ ಪಾಠಗಳೂ ಬರುವುವು. ಒಂದು ಸೂಕ್ಷ್ಮವನ್ನು ಮಾತ್ರ ಮರೆಯಬಾರದು. ದಶಾಂಶದ ೦.೧ನ್ನೂ ೦.೨ನ್ನೂ ಕೂಡೆಂದರೆ ರೂಬಿಯು ೦.೩ ಎನ್ನದೆ, ಅದರ ಬಳಿಕ ಹದಿನೈದು ಸೊನ್ನೆಗಳನ್ನೂ ಒಂದು ನಾಲ್ಕನ್ನೂ ಬರೆಯುವುದು. ಯಂತ್ರವು ಎರಡರ ಘಾತಗಳಲ್ಲಿ ಎಣಿಸುವುದರಿಂದ ಹತ್ತನೆಯ ಒಂದು ಭಾಗವು ಅದಕ್ಕೆ ಸರಿಯಾಗಿ ಹಿಡಿಸದು. ಆದುದರಿಂದ ಹಣವನ್ನು ಪೈಸೆಗಳ ಪೂರ್ಣಸಂಖ್ಯೆಯಾಗಿ ಇಟ್ಟು, ತೋರಿಸುವಾಗ ಮಾತ್ರ ರೂಪಾಯಿಯಾಗಿ ಮಾರ್ಪಡಿಸುವುದು ಲೇಸು. ದಿನದ ಕೆಲಸವನ್ನು ‘ಗಿಟ್’ ಎಂಬ ಸಾಧನದಲ್ಲಿ ಸಂಜೆಗೊಮ್ಮೆ ದಾಖಲಿಸಿದರೆ, ನಾಳೆ ಕೆಟ್ಟರೆ ನಿನ್ನೆಗೆ ಹಿಂದಿರುಗಬಹುದು. ಅದೂ ೨೦೦೫ರಲ್ಲಿ ಟೋರ್ವಾಲ್ಡ್ಸರು ಕೊಟ್ಟ ಉಚಿತ ಸಾಧನವೇ.

ಇದನ್ನೆಲ್ಲ ಓದಿದ ಬುದ್ಧಿವಂತರೊಬ್ಬರು, ಕೇಳಿದೊಡನೆ ಕೃತಕ ಬುದ್ಧಿಮತ್ತೆಯ ಯಂತ್ರವೇ ಎಲ್ಲವನ್ನೂ ಬರೆದುಕೊಡುತ್ತಿರುವಾಗ ಈ ಪ್ರಯಾಸವೇಕೆ ಎನ್ನಬಹುದು. ಪರೀಕ್ಷೆಗೆ ಗೈಡುಗಳು ಬಂದಾಗಲೂ ಈ ಮಾತು ಹುಟ್ಟಿತ್ತು. ಅರ್ಥ ತಿಳಿದವಳು ಗೈಡಿನ ತಪ್ಪನ್ನು ಹಿಡಿಯುವಳು. ತಿಳಿಯದವಳು ತಪ್ಪನ್ನೂ ಬಾಯಿಪಾಠ ಮಾಡುವಳು. ಮೊದಲ ಮೂರು ತಿಂಗಳು ಆ ಯಂತ್ರವನ್ನು ‘ಇದರ ಅರ್ಥವೇನು?’ ಎಂದು ಕೇಳಲು ಉಪಯೋಗಿಸಲಿ. ‘ನನಗೆ ಬರೆದುಕೊಡು’ ಎಂದು ಕೇಳುವುದನ್ನು ಮುಂದಕ್ಕೆ ಇಟ್ಟುಕೊಳ್ಳಲಿ.

ಮೂರು ತಿಂಗಳು ಕಳೆದ ಮೇಲೆ ಪರೀಕ್ಷೆಯನ್ನು ತಾಯಿಯೇ ಮಾಡಬಹುದು, ಕಂಪ್ಯೂಟರು ತಿಳಿದಿರಬೇಕಾಗಿಲ್ಲ. ಹಾಲಿನ ಲೆಕ್ಕದ ಯಾವುದಾದರೊಂದು ಕಡತವನ್ನು ತೋರಿಸಿ, “ಇದು ಏನು ಮಾಡುವುದು? ಇದನ್ನು ತೆಗೆದರೆ ಏನು ಕೆಡುವುದು?” ಎಂದು ಕೇಳಲಿ. ಮಗಳು ಮನೆಯ ಮಾತಿನಲ್ಲಿ ಉತ್ತರ ಹೇಳಿದರೆ, ಆಮೇಲೆ ಆ ಕಡತವನ್ನು ನಿಜವಾಗಿಯೂ ಬದಿಗಿಟ್ಟು, ಹೇಳಿದಂತೆಯೇ ಕೆಟ್ಟಿತೆಂದು ತೋರಿಸಿದರೆ, ಅವಳು ಕಲಿತಿರುವಳು. ಆಗ ಹೆಚ್ಚಿನ ಪಾಠಕ್ಕೆ ಹಣ ಕಟ್ಟಬೇಕೆ ಎಂಬುದನ್ನು ಅವಳೇ ನಿರ್ಣಯಿಸಬಲ್ಲಳು. ಕೇಂದ್ರದವರಿಗೆ ಯಾವ ಪ್ರಶ್ನೆ ಹಾಕಬೇಕೆಂಬುದೂ ಅವಳಿಗೆ ತಿಳಿದಿರುವುದು. ಉತ್ತರ ಬಾರದಿದ್ದರೆ ಇನ್ನೊಂದು ತಿಂಗಳು ಮುಂದುವರಿಯಲಿ, ನಷ್ಟವೇನೂ ಇಲ್ಲ. ಈ ವಿದ್ಯೆ ಬಂದೊಡನೆ ಉದ್ಯೋಗ ಬಂದೇ ಬರುವುದೆಂದು ನಾನು ಹೇಳಲಾರೆನು. ಹಾಗೆ ಹೇಳಿ ಶುಲ್ಕ ಕೇಳುವವರನ್ನು ಅನುಮಾನದಿಂದಲೇ ನೋಡುವುದು ಯುಕ್ತ.

ಕೊನೆಯದಾಗಿ ಮನೆಯ ಹಿರಿಯರಿಗೆ ಒಂದು ಮಾತು. ಹೆಣ್ಣುಮಗಳು ಮನೆಯಲ್ಲಿದ್ದಾಳೆಂದರೆ ಅವಳಿಗೆ ಸದಾ ಬಿಡುವಿದೆಯೆಂದು ತಿಳಿಯುವುದು ನಮ್ಮ ಸಂಸಾರಗಳ ವಾಡಿಕೆ. ಒಲೆಯ ಮೇಲಿನ ಹಾಲು, ಬಾಗಿಲಿಗೆ ಬಂದ ತರಕಾರಿಯವನು, ಅಜ್ಜಿಯ ಔಷಧ, ತಮ್ಮನ ಅಂಗಿ; ಪ್ರತಿಯೊಂದಕ್ಕೂ ಅವಳನ್ನೇ ಕೂಗುವೆವು. ಈ ವಿದ್ಯೆಯಲ್ಲಿ ಏಳೆಂಟು ಸಂಗತಿಗಳನ್ನು ಒಮ್ಮೆಗೇ ಮನಸ್ಸಿನಲ್ಲಿ ಹಿಡಿದಿರಬೇಕು. ಒಂದು ಕೂಗಿಗೆ ಅವೆಲ್ಲ ಚದುರಿಹೋಗುವುವು, ಮತ್ತೆ ಕೂಡಿಸಲು ಅರ್ಧ ಘಂಟೆ ಬೇಕು. ಅವಳ ಅಣ್ಣನು ಪರೀಕ್ಷೆಗೆ ಓದುವಾಗ ಮನೆಯೆಲ್ಲ ಪಿಸುಮಾತಿನಲ್ಲಿ ನಡೆದುಕೊಂಡಿತಷ್ಟೆ. ಆ ಮರ್ಯಾದೆಯನ್ನು ದಿನಕ್ಕೊಂದು ಘಂಟೆ, ಬೆಳಗ್ಗೆ ಐದೂವರೆಯಿಂದ ಆರೂವರೆಯವರೆಗಾಗಲಿ, ಊಟವಾದ ಮೇಲಾಗಲಿ, ಇವಳಿಗೂ ಸಲ್ಲಿಸಿರಿ. ಒತ್ತೆಯಿಟ್ಟ ಬಳೆಗಳಿಂದ ಆಗದ ಉಪಕಾರವು ಆ ಘಂಟೆಯಿಂದ ಆಗುವುದು.

ಮುಂದಿನ ಸಂಚಿಕೆಯಲ್ಲಿ ಹಾಲಿನ ಲೆಕ್ಕದ ಕೋಷ್ಟಕವನ್ನು ಹೇಗೆ ವಿಂಗಡಿಸಬೇಕು, ಎರಡು ಮನೆಗಳಿಗೆ ಹಾಲು ಹಾಕುವ ಗೌಳಿಗನ ಲೆಕ್ಕವನ್ನು ಅದಕ್ಕೆ ಹೇಗೆ ಜೋಡಿಸಬೇಕು ಎಂಬುದನ್ನು ವಿಚಾರಿಸೋಣ. ಅಷ್ಟರಲ್ಲಿ ಆರಂಭಿಸಿದವರು ತಮಗೆ ಬಂದ ತಪ್ಪಿನ ಸಂದೇಶಗಳನ್ನು ಇದ್ದಂತೆಯೇ ಬರೆದು ಕಳುಹಿಸಲಿ. “ಏನೋ ತಪ್ಪಾಯಿತು” ಎಂದಷ್ಟೇ ಬರೆದರೆ ವೈದ್ಯನಿಗೆ “ಏನೋ ನೋವು” ಎಂದು ಬರೆದಂತೆ ಆಗುವುದು.